ಅತ್ತೆಯ ಏಕಾದಶಿ, ನನ್ನ ಎಡಗಿವಿ

ದ್ವಾದಶಿಯ ಬೆಳಗ್ಗೆ ನಮ್ಮ ಅಡುಗೆಮನೆಯಲ್ಲಿ ಮಾತು ಕಡಿಮೆ. ಹಿಂದಿನ ದಿನ ಏಕಾದಶಿಯ ಉಪವಾಸವಿದ್ದ ಅತ್ತೆಗೆ ಹೊತ್ತು ಏರುವ ಮೊದಲೇ ಪಾರಣೆಯ ಊಟವಾಗಬೇಕು. ಅವರು ಸ್ನಾನ ಮುಗಿಸಿ ಮಡಿಸೀರೆಯುಟ್ಟು ಒಲೆಯ ಮುಂದೆ ನಿಂತರೆಂದರೆ ದೇವರ ನೈವೇದ್ಯವಾಗುವವರೆಗೆ ಯಾರೂ ಮುಟ್ಟುವಂತಿಲ್ಲ. ಮೊದಲು ಅವರಿದ್ದ ಚೆನ್ನೈಯ ತ್ರಿಪ್ಲಿಕೇನಿನ ಬಾಡಿಗೆ ಮನೆಯಲ್ಲಿ ಇದಕ್ಕೆಂದೇ ಬೇರೆ ಮೂಲೆ, ಬೇರೆ ಒಲೆ ಇತ್ತಂತೆ. ವೇಲಚೇರಿಯ ಈಗಿನ ಫ್ಲ್ಯಾಟಿನಲ್ಲಿ ಅಷ್ಟು ಜಾಗವೆಲ್ಲಿ? ಫ್ರಿಜ್ಜಿನ ಪಕ್ಕದಿಂದ ಹೊರಡುವ ನೆಲದ ಟೈಲ್ಸಿನ ಸಾಲೊಂದನ್ನು ನಾವಿಬ್ಬರೂ ಗಡಿಯೆಂದು ಒಪ್ಪಿಕೊಂಡಿದ್ದೆವು. ಆ ಸಾಲಿನಾಚೆ ಅತ್ತೆ, ಈಚೆ ನಾನು.

ಆ ದಿನ ನಾನು ಈಚೆ ನೆಲದ ಮೇಲೆ ಕೂತು ಅಗಸೆ ಸೊಪ್ಪು ಬಿಡಿಸುತ್ತಿದ್ದೆ. ದ್ವಾದಶಿಯ ಪಲ್ಯಕ್ಕೆ ಆ ಸೊಪ್ಪು ಆಗಲೇಬೇಕು. ದಂಟನ್ನು ತುದಿಯಲ್ಲಿ ಹಿಡಿದು ಎಲೆಗಳನ್ನು ಹಿಮ್ಮುಖವಾಗಿ ಎಳೆದರೆ ಎಲ್ಲ ಒಟ್ಟಿಗೇ ಉದುರುತ್ತವೆ. ನನಗೆ ಇಷ್ಟವಾದ ಕೆಲಸ. ಒಂದು ದಂಟು ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದೆ. ಕೈ ಹೋದಲ್ಲಿ ಸೊಪ್ಪು ಇರಲಿಲ್ಲ. ಸೊಪ್ಪು, ಮೊರ, ಟೈಲ್ಸು, ಫ್ರಿಜ್ಜಿನ ಕಾಲು ಎಲ್ಲವೂ ಬಲಕ್ಕೆ ಸರಿಯುತ್ತಿದ್ದವು. ಸರಿದು ಮುಗಿಯುತ್ತಲೂ ಇರಲಿಲ್ಲ. ಕಣ್ಣು ಮುಚ್ಚಿದರೆ ಕತ್ತಲೆಯೂ ಅದೇ ದಿಕ್ಕಿಗೆ ತಿರುಗಿತು. ಎದ್ದು ನಿಲ್ಲಲು ಹೋಗಿ ಎಡಕ್ಕೆ ಬಿದ್ದೆ.

ಒಲೆಯ ಮುಂದಿದ್ದ ಅತ್ತೆ ತಿರುಗಿ ನೋಡಿದವರು ಗಡಿ ದಾಟಿ ಬಂದರು. ನೆಲದ ಮೇಲೆ ಕಾಲು ಚಾಚಿ ಕೂತು ನನ್ನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡರು.

"ಮಡಿ... ಅತ್ತೆ, ಮಡಿ," ಎಂದೆ ನಾನು.

"ಮಡಿ ಮನೆ ಹಾಳಾಗ್ಲಿ. ಬಾಯಿ ಮುಚ್ಕೊಂಡು ಮಲಕ್ಕೋ," ಎಂದರು.

ಬಾಯಿ ಮುಚ್ಚಿಕೊಳ್ಳಲು ಆಗಲಿಲ್ಲ. ಅವರ ಮಡಿಸೀರೆಯ ಮೇಲೆಯೇ ವಾಂತಿ ಮಾಡಿಕೊಂಡೆ. ತುಂಬಿದ ಬಿಂದಿಗೆ ತುಳುಕಬಾರದೆಂದು ಹಿಡಿಯುವ ಹಾಗೆ ಅವರು ಎರಡೂ ಅಂಗೈಗಳಲ್ಲಿ ನನ್ನ ತಲೆಯನ್ನು ಹಿಡಿದೇ ಇದ್ದರು. ಒಲೆಯ ಮೇಲೆ ತೊವ್ವೆ ಸೀದ ವಾಸನೆ ಬಂದರೂ ಏಳಲಿಲ್ಲ.

ಮನೆಯವರು ಇನ್ಶೂರೆನ್ಸ್ ಆಫೀಸಿಗೆ ಹೊರಟು ಶೂ ಕಟ್ಟುತ್ತಿದ್ದರು. ಒಂದೇ ಶೂನಲ್ಲಿ ಓಡಿ ಬಂದರು. ಕೆಳಗಿನ ಮನೆಯವರ ಕಾರಿನಲ್ಲಿ ಹತ್ತಿರದ ಆಸ್ಪತ್ರೆಗೆ ಹೋದೆವು. ಎಮರ್ಜೆನ್ಸಿಯಲ್ಲಿ ನರ್ಸು ಏನಾಯಿತು ಎಂದು ಕೇಳಿದ್ದಕ್ಕೆ ಮನೆಯವರು ತಮಿಳಿನಲ್ಲಿ, "ನಿನ್ನೆ ಏಕಾದಶಿ. ನೀರು ಕೂಡ ಕುಡಿದಿಲ್ಲ," ಎಂದರು. ಅದು ಸುಳ್ಳು. ನೀರು ಮುಟ್ಟದೆ ಇರುವವರು ಅತ್ತೆ. ನನ್ನದು ಹಾಲು, ಬಾಳೆಹಣ್ಣು, ಎರಡು ಹೊತ್ತು ಕಾಫಿಯ ಉಪವಾಸ. ಆ ರಿಯಾಯಿತಿಯನ್ನು ಅತ್ತೆಯೇ ಕೊಟ್ಟಿದ್ದರು. ಆದರೆ ಬಾಯಿ ತೆರೆದರೆ ವಾಂತಿ ಬರುವಾಗ ಯಾರನ್ನು ತಿದ್ದುವುದು?

"ಓ, ವಿರದಮಾ?" ಎಂದಳು ನರ್ಸು, ಓ ವ್ರತವೇ ಎಂಬಂತೆ. ಅಷ್ಟಕ್ಕೆ ಕಾರಣ ಸಿಕ್ಕಿಬಿಟ್ಟಿತು. ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರೂ ಅದನ್ನೇ ಹಿಡಿದುಕೊಂಡರು. ತಲೆಗೆ ಒಂದು ಸ್ಕ್ಯಾನ್ ಮಾಡಿಸಿದರು, ಅದರಲ್ಲಿ ತೊಂದರೆ ಏನೂ ಕಾಣಲಿಲ್ಲ. ಉಪವಾಸ, ನಿಶ್ಶಕ್ತಿ, ಪಿತ್ತ ಎಂದು ಗ್ಲೂಕೋಸ್ ಹಾಕಿದರು, ತಲೆ ಸುತ್ತಿಗೆ ಸೂಜಿ ಹಾಕಿದರು. ಮೈಸೂರಿನ ಕಾನ್ವೆಂಟಿನ ಸಿಸ್ಟರುಗಳು ಚಿಕ್ಕಂದಿನಲ್ಲಿ ಎಷ್ಟು ಚೆನ್ನಾಗಿ ತಿದ್ದಿದ್ದಾರೆಂದರೆ, ನರ್ಸು ಸೂಜಿ ಚುಚ್ಚಿದಾಗಲೂ ವಾಂತಿಯ ಟ್ರೇಯಲ್ಲಿ ಮುಖವಿಟ್ಟುಕೊಂಡೇ "ಥ್ಯಾಂಕ್ ಯೂ ಸಿಸ್ಟರ್" ಎಂದೆನಂತೆ. ಇದನ್ನು ಮನೆಯವರು ಆಮೇಲೆ ಊರಿಗೆಲ್ಲ ಹೇಳಿ ನಕ್ಕರು.

ಸಂಜೆ ಮನೆಗೆ ಬಂದಾಗ ಅತ್ತೆ ಬೇರೆ ಸೀರೆಯುಟ್ಟು ಬಾಗಿಲಲ್ಲೇ ಕೂತಿದ್ದರು. ಅಲ್ಲಿಯವರೆಗೂ ಅವರ ಪಾರಣೆಯಾಗಿರಲಿಲ್ಲ.

ಆಮೇಲೆ ಶುರುವಾಯಿತು ನನ್ನ ಸೇವೆ. ಈಗ ನೆನೆದರೆ ನಗು ಬರುತ್ತದೆ. ತಲೆ ಅಲ್ಲಾಡಿದರೆ ತಾನೆ ಸುತ್ತುವುದು ಎಂದು ಮನೆಯವರು ದಿಂಬುಗಳನ್ನು ನನ್ನ ಕಿವಿಗಳಿಗೆ ಒತ್ತಿ ಎರಡೂ ಕಡೆ ಇಟ್ಟರು. ಕಾಲೇಜಿನಲ್ಲಿ ಓದುವ ಮಗಳು ನನ್ನ ಕೋಣೆಯ ಫ್ಯಾನನ್ನೇ ಆರಿಸಿದಳು. ಸುತ್ತುವ ಫ್ಯಾನ್ ನೋಡಿದರೆ ಅಮ್ಮನಿಗೆ ಜಾಸ್ತಿಯಾಗುತ್ತದಂತೆ. ಚೆನ್ನೈಯ ಸೆಕೆಯಲ್ಲಿ ಫ್ಯಾನಿಲ್ಲದ ಕೋಣೆ! ಮಂಚದ ಪಕ್ಕದಲ್ಲಿ ಯಾರಾದರೊಬ್ಬರು ಹಳೆಯ ಕ್ಯಾಲೆಂಡರಿನ ರಟ್ಟು ಹಿಡಿದು ಗಾಳಿ ಬೀಸುತ್ತಿದ್ದರು. ನಾನು ಒಂದಿಷ್ಟು ಹೊರಳಿದರೆ ಮಗಳು, "ಅಮ್ಮಾ, ಅಸೆಯಾದೆ! ಅಪ್ಪಡಿಯೇ ಇರು," ಎಂದು, ಅಲ್ಲಾಡದೆ ಹಾಗೇ ಇರಲು ಹೇಳಿ ಹೆಗಲು ಒತ್ತಿ ಹಿಡಿಯುತ್ತಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಬಾಯಿಂದ ಬರುವುದು ತಮಿಳು. ಅತ್ತೆ ಜೀರಿಗೆ ಕಷಾಯ, ನಿಂಬೆ ಪಾನಕ, ಶುಂಠಿ ರಸ ಎಂದು ಪಿತ್ತಕ್ಕೆ ಗೊತ್ತಿದ್ದ ಔಷಧಗಳನ್ನೆಲ್ಲ ಮಾಡಿದರು. ಇವೆಲ್ಲದರ ಮೇಲೆ ಆಸ್ಪತ್ರೆಯಲ್ಲಿ ಕೊಟ್ಟ ಪುಟ್ಟ ಬಿಳಿ ಮಾತ್ರೆ. ಅದನ್ನು ನುಂಗಿದರೆ ಮಂಪರು. ಮಂಪರಿನಲ್ಲಿ ಸುತ್ತು ಕಡಿಮೆ. ಅದಕ್ಕೇ ಡಾಕ್ಟರು ಹೇಳಿದ್ದಕ್ಕಿಂತ ಬಹಳ ದಿನ ಅದನ್ನು ಮುಂದುವರಿಸಿದೆವು.

ಗಿರಗಿರನೆ ಸುತ್ತುವುದು ನಿಧಾನಕ್ಕೆ ನಿಂತಿತು. ಆದರೆ ಎದ್ದು ನಡೆದರೆ ನೆಲ ದೋಣಿಯ ಹಾಗೆ. ಬಾತ್‌ರೂಮಿಗೆ ಹೋಗುವಾಗ ನನ್ನ ಎಡಭುಜ ಪ್ಯಾಸೇಜಿನ ಗೋಡೆಗೆ ಒರೆಸಿಕೊಂಡೇ ಹೋಗುತ್ತಿತ್ತು. ನಡೆಯುತ್ತ ಗೋಡೆಯ ಗಡಿಯಾರ ನೋಡಿದರೆ ಅಂಕಿಗಳು ಕುಣಿಯುತ್ತಿದ್ದವು. ಯಾರಾದರೂ ಕರೆದರೆ ಕತ್ತು ತಿರುಗಿಸುವುದಕ್ಕೂ ಹೆದರಿ, ಇಡೀ ದೇಹವನ್ನೇ ಕಪಾಟು ತಿರುಗಿಸಿದಂತೆ ತಿರುಗಿಸುತ್ತಿದ್ದೆ.

ಹೀಗೇ ಒಂದು ಮಧ್ಯಾಹ್ನ ಮಲಗಿದ್ದಾಗ ಹಾಲಿನಲ್ಲಿ ಅತ್ತೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಆ ಕಡೆ ಮೈಸೂರಿನಲ್ಲಿರುವ ಅವರ ಮಗಳು, ನನ್ನ ನಾದಿನಿ.

"ನಾನಲ್ಲಿಗೇ ಬಂದ್ಬಿಡ್ತೀನಿ ಕಣೇ. ನನ್ನ ವ್ರತ, ನನ್ನ ಮಡಿ ಅಂತ ಈ ಹುಡುಗಿ ಒಣಗಿ ಹೋದ್ಲು. ಬೇಡ ಅಂದ್ರೂ ನಾನು ಉಪವಾಸ ಇದ್ದ ದಿನ ತಾನೂ ಇರ್ತಾಳೆ. ನಾನೆದುರಿಗಿದ್ರೆ ತಾನೆ ಇದೆಲ್ಲ? ನಾನೇ ಹೊರಟುಹೋದ್ರೆ ಅವಳು ಹೊತ್ತಿಗೆ ಸರಿಯಾಗಿ ಉಂಡ್ಕೊಂಡು ಇರ್ತಾಳೆ... ಇಲ್ಲ, ನೆನೆದಾಗ ಬಂದು ಹೋಗೋದಲ್ಲ. ಬಂದ್ಬಿಡೋದು."

ಕಿವಿಯ ಪಕ್ಕ ನರೆತ ಈ ಸೊಸೆ ಅವರಿಗಿನ್ನೂ ಹುಡುಗಿ. ನಾನು ದಿಂಬುಗಳ ನಡುವೆ ಅಲುಗದೆ ಮಲಗಿದ್ದೆ. ಆವತ್ತು ಹೆದರಿದಷ್ಟು ನಾನು ಅಡುಗೆಮನೆಯಲ್ಲಿ ಬಿದ್ದ ದಿನವೂ ಹೆದರಿರಲಿಲ್ಲ. ಮನೆಯವರು ಬೆಳಗ್ಗೆ ಹೋದರೆ ಸಂಜೆಗೆ ಬರುತ್ತಾರೆ, ಆಫೀಸಿನ ತಮಿಳನ್ನೇ ನಾಲಿಗೆಯ ಮೇಲಿಟ್ಟುಕೊಂಡು. ಮಗಳ ವಿಷಯ ಹೇಳಿದೆನಲ್ಲ. ಹಗಲಿಡೀ ನನ್ನ ಜೊತೆ ಕನ್ನಡದಲ್ಲಿ ಮಾತಾಡುವ ಜೀವ ಅತ್ತೆಯೊಬ್ಬರೇ. ಮಧ್ಯಾಹ್ನ ಇಬ್ಬರೂ ಬಾಲ್ಕನಿಯಲ್ಲಿ ಹತ್ತಿ ಹಿಂಜಿ ದೇವರಿಗೆ ಗೆಜ್ಜೆವಸ್ತ್ರ ಮಾಡುತ್ತ ಕೂರುತ್ತೇವೆ. ನಾನು ಹತ್ತಿಯನ್ನು ತೆಳ್ಳಗೆ ಎಳೆದರೆ, "ಇದೇನು ದೇವರ ವಸ್ತ್ರವೋ, ನಿನ್ನ ಗಂಡನ ಬನಿಯನ್ನೋ?" ಎನ್ನುತ್ತಾರೆ. ಆ ಮಾತು ಇನ್ನು ಫೋನಿನಲ್ಲಿ ಬರುತ್ತದೆಯೇ?

ಮನೆಯವರು ತಾಯಿಗೆ ಹೇಳಿ ನೋಡಿದರು. ಮಗಳು ತನ್ನದೇ ಉಪಾಯ ಮಾಡಿದಳು. ಒಂದು ಸಂಜೆ ಅಜ್ಜಿಯ ಪಕ್ಕ ಕೂತು, ಅಮ್ಮ ಏಕಾದಶಿಯ ದಿನ ಉಪವಾಸವೇ ಇರಲಿಲ್ಲ, ನನ್ನ ಜೊತೆ ಮಾಲಿಗೆ ಬಂದು ಸ್ಯಾಂಡ್‌ವಿಚ್ ತಿಂದಳು, ನಾನೇ ಕೊಡಿಸಿದ್ದು ಎಂದು ಗಂಭೀರವಾಗಿ ತಮಿಳಿನಲ್ಲಿ ಹೇಳಿದಳು.

ಅತ್ತೆ ಅವಳ ಮುಖ ನೋಡಿದರು. "ಈರುಳ್ಳಿ ಹಾಕಿದ್ರಾ ಅದಕ್ಕೆ?"

"ಹಾಕಿದ್ರು ಅಜ್ಜಿ," ಎಂದಳು, ಸಾಕ್ಷಿ ಗಟ್ಟಿಯಾಗಲೆಂದೋ ಏನೋ ಕನ್ನಡದಲ್ಲೇ.

"ನಿಮ್ಮಮ್ಮ ಆವತ್ತಿಡೀ ನನ್ನ ಪಕ್ಕದಲ್ಲೇ ಕೂತಿದ್ಲು. ಈರುಳ್ಳಿ ತಿಂದಿದ್ರೆ ಬೀದಿ ಕೊನೆಯಿಂದ ಗೊತ್ತಾಗತ್ತೆ ನನಗೆ. ಹೋಗು, ಓದ್ಕೋ ಹೋಗು." ಆಮೇಲೆ ಆ ಸುಳ್ಳುಬುರುಕಿಯ ಕೆನ್ನೆ ಸವರಿ ತಮ್ಮ ಬೆರಳುಗಳಿಗೆ ಮುತ್ತು ಕೊಟ್ಟುಕೊಂಡರು. ಮರುದಿನವೇ ಕಪಾಟಿನಿಂದ ಪೆಟ್ಟಿಗೆ ಇಳಿಸಿದರು. ಆ ತಿಂಗಳ ಕೊನೆಗೆ ನಾದಿನಿ ತಾನೇ ಬಂದು ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು.

ನನ್ನನ್ನು ಬೇರೆ ಡಾಕ್ಟರಿಗೆ ತೋರಿಸಬೇಕೆಂದು ಹಠ ಹಿಡಿದವಳು ಮಗಳು. ನಾನು ಪ್ಯಾಸೇಜಿನಲ್ಲಿ ನಡೆಯುವುದನ್ನು ಹಿಂದಿನಿಂದ ನೋಡಿದ್ದಾಳೆ. ಪಿತ್ತವಾದರೆ ಎರಡೂ ಕಡೆ ವಾಲಬೇಕು, ಅಮ್ಮ ಯಾವಾಗಲೂ ಎಡಗಡೆ ಗೋಡೆಗೇ ಯಾಕೆ ಹೋಗುತ್ತಾಳೆ ಎಂದು ಅವಳ ಪ್ರಶ್ನೆ.

ತ್ರಿಪ್ಲಿಕೇನ್ ಕಡೆ ತಲೆ ಸುತ್ತಿಗೆಂದೇ ನೋಡುವ ಕಿವಿ ಡಾಕ್ಟರೊಬ್ಬರಿದ್ದರು. ನನ್ನ ವಯಸ್ಸಿನ ಹೆಂಗಸು, ಮಲ್ಲಿಗೆ ಮುಡಿದ ಜಡೆ, ಕೈಗೆ ಗಂಡಸರ ವಾಚು. ಮನೆಯವರು "ಏಕಾದಶಿ..." ಎಂದು ಶುರು ಮಾಡಿದರು. ಡಾಕ್ಟರು ಕೈಯೆತ್ತಿ ನಿಲ್ಲಿಸಿ, "ಅವರು ಹೇಳಲಿ ಸಾರ್," ಎಂದರು. ನನ್ನ ತಲೆ ಸುತ್ತಿನ ಬಗ್ಗೆ ನನ್ನನ್ನೇ ಒಬ್ಬರು ಕೇಳಿದ್ದು ಆಗಲೇ.

ಒಂದೊಂದಾಗಿ ಕೇಳಿದರು. ಬಿಟ್ಟು ಬಿಟ್ಟು ಬಂತೋ, ಒಂದೇ ಸಮನೆ ಸುತ್ತಿತೋ? ಒಂದೇ ಸಮನೆ. ಕಿವಿ ಮಂದವಾಯಿತೇ, ಒಳಗೆ ಸದ್ದು ಬಂತೇ? ಇಲ್ಲ. ಮಾತು ತೊದಲಿತೇ, ಕೈಕಾಲಿನ ಶಕ್ತಿ ಹೋಯಿತೇ? ಇಲ್ಲ. ಅದಕ್ಕೆ ಮೊದಲು ಶೀತ, ಜ್ವರ ಏನಾದರೂ?

"ಅದರ ಹಿಂದಿನ ವಾರ ಶೀತವಾಗಿತ್ತು ಡಾಕ್ಟರ್. ಮೂಗು ಕಟ್ಟಿ, ಮೈಕೈ ನೋವು. ಮನೆಯಲ್ಲೆಲ್ಲರಿಗೂ ಆಗಿತ್ತು."

ಅವರು ತಲೆಯಾಡಿಸಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ನನ್ನ ತಲೆಯನ್ನು ಎರಡೂ ಕೈಗಳಲ್ಲಿ ಹಿಡಿದು, "ನನ್ನ ಮೂಗನ್ನೇ ನೋಡಿ, ಕಣ್ಣು ತೆಗೀಬೇಡಿ," ಎಂದರು. ನಿಧಾನವಾಗಿ ಅತ್ತಿತ್ತ ಆಡಿಸುತ್ತ ಇದ್ದಕ್ಕಿದ್ದಂತೆ ಬಲಕ್ಕೆ ಚೂರು ತಿರುಗಿಸಿದರು. ಅವರ ಮೂಗು ಇದ್ದಲ್ಲೇ ಇತ್ತು. ಮತ್ತೆ ಎಡಕ್ಕೆ. ಆಗ ನನ್ನ ಕಣ್ಣು ಜಾರಿತು. ಮೂಗನ್ನು ಬಿಟ್ಟು ಅವರ ಕೆನ್ನೆಗೆ ಹೋಗಿ, ತಪ್ಪಾಯಿತೆಂಬಂತೆ ಹಾರಿ ವಾಪಸು ಬಂತು. ಫೋನಿನಲ್ಲಿ ಹಿಡಿಯಲು ಮಗಳಿಗೆ ಹೇಳಿ ಇನ್ನೊಂದು ಸಲ ಮಾಡಿ ತೋರಿಸಿದರು. ನನ್ನ ಕಣ್ಣೇ ನನ್ನ ಮಾತು ಕೇಳದೆ ಜಾರುವುದನ್ನು ಆ ಪುಟ್ಟ ಪರದೆಯ ಮೇಲೆ ನೋಡಿದೆ.

"ಎಡಗಿವಿಯ ಒಳಗಡೆ, ಬ್ಯಾಲೆನ್ಸ್ ನೋಡಿಕೊಳ್ಳುವ ನರ ಒಂದಿದೆ. ಅದಕ್ಕೆ ಊತ ಬಂದಿದೆ," ಎಂದರು. ಹೆಚ್ಚಾಗಿ ಶೀತದಂಥ ವೈರಸ್ ಬಂದು ಹೋದ ಮೇಲೆ ಹೀಗಾಗುತ್ತದಂತೆ. "ಲಾರಿಯಿಂದ ಹಿಡಿದ ನೀರಿನ ಡ್ರಮ್ಮನ್ನು ಇಬ್ಬರು ಆ ಕಡೆ ಈ ಕಡೆ ಹಿಡಿದು ಹೊರ್ತಾರಲ್ಲ? ನಿಮ್ಮ ಎರಡು ಕಿವಿಗಳೂ ಹಾಗೇ; ಒಬ್ಬ ಕೈ ಬಿಟ್ಟ. ಅದೇ ನೀವು ಬಿದ್ದ ದಿನ. ಈಗ ಉಳಿದವನು ಒಬ್ಬನೇ ಹೊರೋದನ್ನು ಕಲೀಬೇಕು. ಹೊತ್ತು ಹೊತ್ತೇ ಕಲೀಬೇಕು. ನೀವು ಅಲುಗಾಡದೆ ಮಲಗಿದ್ದರೆ ಅವನು ಯಾವಾಗ ಕಲಿಯೋದು? ಈ ಮಾತ್ರೆ ಬೇರೆ ಅವನನ್ನೂ ನಿದ್ದೆ ಮಾಡಿಸ್ತಿದೆ. ಮೊದಲ ಕೆಲವು ದಿನಕ್ಕೆ ಸರಿ, ಇಷ್ಟು ದಿನ ಅಲ್ಲ. ಯಾರು ನಿಮ್ಮನ್ನು ಮಲಗಿಸಿರೋದು?"

"ಎಲ್ಲರೂ," ಎಂದೆ. "ತುಂಬಾ ಪ್ರೀತಿಯಿಂದ."

"ಸ್ವಲ್ಪ ಕಡಿಮೆ ಪ್ರೀತಿ ಮಾಡೋಕೆ ಹೇಳಿ," ಎಂದು ನಕ್ಕರು. ಮನೆಯವರು ಉಪವಾಸದ ಬಗ್ಗೆ ಕೇಳಿಯೇ ಬಿಟ್ಟರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು.

ಮನೆಗೆ ಬಂದು ಇದನ್ನೆಲ್ಲ ಒಂದೇ ಉಸಿರಿಗೆ ಅತ್ತೆಗೆ ಹೇಳಿದೆವು. ಅವರು ಹೂಂ ಹೂಂ ಎಂದು ಕೇಳಿ, "ಡಾಕ್ಟರುಗಳು ದೊಡ್ಡ ಮನಸ್ಸಿನವರು. ವಯಸ್ಸಾದವರಿಗೆ ನೋವಾಗ್ಬಾರ್ದು ಅಂತ ಹಾಗೇ ಹೇಳ್ತಾರೆ," ಎಂದರು. ಪೆಟ್ಟಿಗೆ ಗೋಡೆ ಪಕ್ಕದಲ್ಲೇ ಉಳಿಯಿತು.

ದಿಂಬುಗಳು ಹೋದವು, ಫ್ಯಾನು ತಿರುಗಿತು, ಮಾತ್ರೆ ನಿಂತಿತು. ಮಾತ್ರೆ ಬಿಟ್ಟ ಮೊದಲ ದಿನಗಳಲ್ಲಿ ಮತ್ತೆ ವಾಕರಿಕೆ ಬಂದು, ಈ ಡಾಕ್ಟರೇ ತಪ್ಪೇನೋ ಎಂದು ಅತ್ತಿದ್ದೂ ಉಂಟು. ಮಗಳು ದೊಡ್ಡ ಅಕ್ಷರವೊಂದನ್ನು ಬರೆದು ಗೋಡೆಗೆ ಅಂಟಿಸಿದಳು. ಅದರ ಮೇಲಿಂದ ಕಣ್ಣು ತೆಗೆಯದೆ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಬೇಕು, ಆಮೇಲೆ ಮೇಲಕ್ಕೂ ಕೆಳಕ್ಕೂ. ಚೂರು ಹೊತ್ತಿಗೆ ಅಕ್ಷರ ಕುಣಿಯುತ್ತದೆ, ಹೊಟ್ಟೆ ತೊಳಸುತ್ತದೆ. ನಿಂತು, ಸುಧಾರಿಸಿಕೊಂಡು, ಮತ್ತೆ. ಕಾನ್ವೆಂಟಿನ ವರಾಂಡದಲ್ಲಿ ಸಿಸ್ಟರ್ ಒಬ್ಬರು ನಮ್ಮ ತಲೆಯ ಮೇಲೆ ಅಟ್ಲಾಸ್ ಇಟ್ಟು, ಕಾಲು ನೋಡಬೇಡಿ, ಎದುರಿನ ಗೋಡೆ ನೋಡಿ ಎಂದು ನಡೆಸುತ್ತಿದ್ದರು. ಆಗ ಅದು ಬರೀ ಶೋಕಿ ಎಂದುಕೊಂಡಿದ್ದೆ.

ಅತ್ತೆ ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಿದ್ದರು. "ಬೆಳಗ್ಗೆಯಿಂದ ಆ ಗೋಡೆಗೆ ಬೇಡ ಬೇಡ ಅಂತಿದ್ದೀಯಲ್ಲ, ಅದೇನು ಕೇಳ್ತಿದೆ ನಿನ್ನ?"

"ನಿಮ್ಮನ್ನ ಮೈಸೂರಿಗೆ ಕಳಿಸ್ತೀಯಾ ಅಂತ ಕೇಳ್ತಿದೆ ಅತ್ತೆ."

ಅವರು ಒಳಗೆ ಹೋದರು. ಪಾತ್ರೆ ಇಡುವ ಸದ್ದು ಬೇಕಾದ್ದಕ್ಕಿಂತ ಜೋರಾಗಿತ್ತು.

ನಾದಿನಿ ಬರುವ ವಾರವೇ ನಾನು ಡಾಕ್ಟರಿಗೆ ಮತ್ತೆ ತೋರಿಸಬೇಕಿತ್ತು. ಮನೆಯವರಿಗೆ ರಜೆ ಸಿಗಲಿಲ್ಲ, ಮಗಳಿಗೆ ಪರೀಕ್ಷೆ. "ನಾನು ಬರ್ತೀನಿ," ಎಂದರು ಅತ್ತೆ. ಹೋಗುವ ಮೊದಲು ತ್ರಿಪ್ಲಿಕೇನ್ ಒಮ್ಮೆ ನೋಡಿದ ಹಾಗಾಗುತ್ತದೆ ಎಂದೂ ಸೇರಿಸಿದರು. ಆ 'ಹೋಗುವ ಮೊದಲು' ನನ್ನನ್ನು ಚುಚ್ಚಿತು.

ಕಾರು ಬೇಡ, ರೈಲಿನಲ್ಲಿ ಹೋಗೋಣ ಎಂದೆ. ವೇಲಚೇರಿಯಿಂದಲೇ ಹೊರಡುವ ಆ ಎತ್ತರದ ಹಳಿಯ ರೈಲು ಮಧ್ಯಾಹ್ನ ಅರ್ಧಕ್ಕರ್ಧ ಖಾಲಿ. ಕೂತಿದ್ದಷ್ಟು ಹೊತ್ತು ಸರಿಯಿತ್ತು. ಹೊರಟ ಮೇಲೆ ಕಿಟಕಿಯ ಹೊರಗಿನ ಕಂಬಗಳು, ಬಾಲ್ಕನಿಗಳು, ನೀರಿನ ಟ್ಯಾಂಕುಗಳು ಒಂದರ ಹಿಂದೊಂದು ಓಡತೊಡಗಿದವು; ನನ್ನ ತಲೆಯೂ ಅವುಗಳ ಹಿಂದೆ ಹೊರಟಿತು. ಕಣ್ಣು ಮುಚ್ಚಿಕೊಂಡೆ.

"ಕಣ್ಣು ಮುಚ್ಬೇಡ ಅಂದಿದಾರೆ ತಾನೆ ಡಾಕ್ಟರು? ನನ್ನ ನೋಡು," ಎಂದು ಅತ್ತೆ ಎದ್ದು ಎದುರಿನ ಸೀಟಿಗೆ ಬಂದು ಕೂತರು. "ಇಲ್ಲಿ, ಇಲ್ಲಿ ನೋಡು." ತಮ್ಮ ಮೂಗುಬಟ್ಟಿನ ಮೇಲೆ ಬೆರಳಿಟ್ಟು ತೋರಿಸಿದರು. ಮಾವನವರು ತೀರಿಕೊಂಡ ಮೇಲೆ ತೆಗೆಯಲು ಹೋದಾಗ ಮನೆಯವರು ಕೈ ಹಿಡಿದು, ಬೇಡಮ್ಮ ಎಂದು ಉಳಿಸಿದ ಮೂಗುಬಟ್ಟು. ಅದರ ಹರಳನ್ನೇ ನೋಡುತ್ತ ಕೂತೆ. ಅದರ ಸುತ್ತ ಅತ್ತೆಯ ಮುಖ. ಆ ಮುಖದ ಎರಡೂ ಕಡೆ ಊರು ಓಡುತ್ತಿತ್ತು. ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ನಾನು ಅವರ ಮುಖವನ್ನು ನೋಡಿಯೇ ಇರಲಿಲ್ಲ. ಹುಬ್ಬಿನ ಕೂದಲು ಕೂಡ ಬೆಳ್ಳಗಾಗಿದ್ದವು. ಅವರೂ ನಾಚಿಕೆಯಿಲ್ಲದೆ ನನ್ನನ್ನೇ ನೋಡುತ್ತಿದ್ದರು.

"ಇಳಿದ್ಹೋಗಿದೀಯ," ಎಂದರು ಮೆಲ್ಲಗೆ.

ತ್ರಿಪ್ಲಿಕೇನಿನಲ್ಲಿ ಅವರ ಹಳೆಯ ಮನೆಯಿದ್ದ ಜಾಗದಲ್ಲಿ ಈಗ ಒಂಟಿ ಗಂಡಸರು ಉಳಿಯುವ ಲಾಡ್ಜು. ಮಹಡಿ ಮಹಡಿಗೂ ಲುಂಗಿ ಒಣಗುತ್ತಿದ್ದವು. ಅತ್ತೆ ಕತ್ತೆತ್ತಿ ನೋಡಿ, "ನಮ್ಮ ಮಡಿಕೋಣೆ ಅಲ್ಲಿತ್ತು," ಎಂದು ಲುಂಗಿಗಳ ಸಾಲೊಂದನ್ನು ತೋರಿಸಿದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಡಾಕ್ಟರು ನನ್ನನ್ನು ನಡೆಸಿ, ತಿರುಗಿಸಿ, ಸ್ಪಂಜಿನ ಮೇಲೆ ನಿಲ್ಲಿಸಿ ನೋಡಿದರು. ಪರವಾಗಿಲ್ಲ, ಇನ್ನೂ ಕೆಲಸವಿದೆ ಎಂದರು. ಅಲ್ಲಿಯವರೆಗೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅತ್ತೆ ತಮ್ಮ ಹಳೆಯ ಮದ್ರಾಸಿನ ತಮಿಳಿನಲ್ಲಿ ಮಾತೆತ್ತಿದರು. "ಡಾಕ್ಟರಮ್ಮಾ, ನನಗೆ ನೋವಾಗುತ್ತೆ ಅಂತ ನೋಡಬೇಡಿ. ನಿಜ ಹೇಳಿ. ನನ್ನ ಏಕಾದಶಿಯಿಂದ ತಾನೆ ಈ ಮಗುವಿಗೆ ಹೀಗಾದದ್ದು?"

ಡಾಕ್ಟರು ಪೆನ್ನು ಕೆಳಗಿಟ್ಟು ಅತ್ತೆಯನ್ನು ತಮಿಳಿನಲ್ಲಿ ಅಜ್ಜಿಯೆಂದು ಕರೆದರು. "ಅಲ್ಲ ಪಾಟಿ. ನಿಜವಾಗಿ ಅಲ್ಲ."

"ನೀವು ಹಾಗೇ ಹೇಳ್ತೀರಿ."

"ಸರಿ, ನಾನು ಕೇಳ್ತೀನಿ, ನೀವು ಹೇಳಿ. ಅದಕ್ಕೆ ಮೊದಲು ಮನೆಯಲ್ಲೆಲ್ಲರಿಗೂ ಶೀತವಾಗಿತ್ತಂತೆ. ಮೊದಲು ಯಾರಿಗೆ ಬಂತು?"

ಅತ್ತೆ ಯೋಚಿಸಿದರು. "ಮೊಮ್ಮಗಳು ಕಾಲೇಜಿಂದ ತಂದಳು. ಆಮೇಲೆ ನನಗೆ. ನನಗೆ ಜ್ವರ ಬಂದಾಗ ಇವಳೇ ಪಕ್ಕದಲ್ಲಿದ್ದು ನೋಡಿಕೊಂಡಳು."

"ಆಮೇಲೆ ಇವರಿಗೆ. ಈ ಕಿವಿಯ ನರಕ್ಕೆ ಆಗೋದು ಸಾಮಾನ್ಯವಾಗಿ ಅಂಥದ್ದರಿಂದಲೇ. ಯಾವ ಶೀತ ಅಂತ ಖಂಡಿತ ಹೇಳೋಕಾಗಲ್ಲ. ಆದರೆ ಪಾಟಿ, ನಿಮ್ಮಿಂದ ಇವರಿಗೆ ಏನಾದರೂ ಬಂದಿದ್ದರೆ ಅದು ನಿಮ್ಮ ಸೀನು, ನಿಮ್ಮ ಏಕಾದಶಿ ಅಲ್ಲ."

ಒಂದು ಭಾರ ಇಳಿಸಲು ಹೋಗಿ ಇನ್ನೊಂದನ್ನು ಹೊರಿಸಿದರಲ್ಲ ಎನಿಸಿತು. ಅತ್ತೆ ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತರು. ನನ್ನ ಕಡೆ ನೋಡಿದರು. ಆಮೇಲೆ ನಿಧಾನವಾಗಿ ಅವರ ಹೊಟ್ಟೆ ಕುಲುಕಿತು. ನಗುತ್ತಿದ್ದರು.

"ಸೀನಿಗೆ ಯಾರಪ್ಪ ಏನು ಮಾಡೋಕಾಗುತ್ತೆ?" ಎಂದರು. "ಆ ಮುಂಡೇದು ನನಗೆ ಕೊಡ್ತು, ನಾನು ಇವಳಿಗೆ ಕೊಟ್ಟೆ. ಒಂದು ಮನೇಲಿದ್ದ ಮೇಲೆ ಬರದೆ ಇರುತ್ತಾ?" ಬರೀ ಸಮಾಧಾನಕ್ಕೆ ಹೇಳುವ ಡಾಕ್ಟರಾಗಿದ್ದರೆ ಸೀನಿನ ತಪ್ಪನ್ನೂ ಹೊರಿಸುತ್ತಿರಲಿಲ್ಲ, ಇವಳು ಒಳ್ಳೆ ಮಾತಿಗಾಗಿ ಸುಳ್ಳು ಹೇಳುವವಳಲ್ಲ ಎಂದು ಅತ್ತೆಗೆ ಆಗ ನಂಬಿಕೆ ಬಂತಂತೆ. ಆಮೇಲೆ ನನಗೆ ಹೇಳಿದರು.

ಹೊರಡುವಾಗ ಡಾಕ್ಟರು ಅವರಿಗೊಂದು ಕೆಲಸ ಕೊಟ್ಟರು. ದಿನಾ ಸಂಜೆ ನನ್ನನ್ನು ಬೀದಿಯಲ್ಲಿ ನಡೆಸಬೇಕು, ನಡೆಯುತ್ತಿರುವಾಗಲೇ ಬಲಕ್ಕೆ ನೋಡು, ಎಡಕ್ಕೆ ನೋಡು ಎಂದು ಹೇಳುತ್ತಿರಬೇಕು. ಈ ವಯಸ್ಸಿನಲ್ಲಿ ನೀರು ಬಿಟ್ಟು ಉಪವಾಸ ಮಾಡಬಾರದೆಂದು ಬೇರೆ ಗದರಿದರು. ಅದಕ್ಕೆ ಅತ್ತೆ, "ನೋಡೋಣ," ಎಂದರು. ಅವರ ನೋಡೋಣದಲ್ಲಿ ಅರ್ಧ ಒಪ್ಪಿಗೆ ಇರುತ್ತದೆ.

ಆ ಸಂಜೆಯೇ ಮೈಸೂರಿಗೆ ಫೋನ್ ಹೋಯಿತು. ನಾನು ಅಡುಗೆಮನೆಯಲ್ಲಿದ್ದೆ, ಕೇಳಿಸಲೆಂದೇ ಗಟ್ಟಿಯಾಗಿ ಮಾತಾಡಿದರು.

"ಬಾ, ನೀನು ಬಂದು ನಾಕು ದಿನ ಇದ್ದು ಹೋಗು. ನಾನು ಬರೋದಕ್ಕಾಗಲ್ಲ... ಯಾಕೆ ಅಂದ್ರೆ? ನನಗಿಲ್ಲಿ ಕೆಲಸ ಇದೆ ಕಣೇ. ಡಾಕ್ಟರು ವಹಿಸಿದಾರೆ. ನಾನಿಲ್ದಿದ್ರೆ ಇವಳನ್ನ ಯಾರು ನಡೆಸ್ತಾರೆ?... ನಿಮ್ಮ ಅತ್ತಿಗೆನೇ ಕೇಳು ಬೇಕಾದ್ರೆ."

ಫೋನು ನನ್ನ ಕೈಗೆ ಬಂತು. "ಏನತ್ತಿಗೆ, ಅಮ್ಮನ್ನ ಬಿಡಲ್ವಂತೆ ನೀವು?" ಎಂದಳು ನಾದಿನಿ. ಹೇಳಬೇಕಾದದ್ದು ಬಹಳವಿತ್ತು. "ಇಲ್ಲ ಕಣೇ, ಬಿಡಲ್ಲ," ಎಂದಷ್ಟೇ ಹೇಳಿ ಮೂಗು ಒರೆಸಿಕೊಂಡೆ. ಶೀತವೇನೂ ಇರಲಿಲ್ಲ.

ಅತ್ತೆ ವಹಿಸಿಕೊಂಡ ಕೆಲಸವನ್ನು ಅರೆಮನಸ್ಸಿನಿಂದ ಮಾಡುವವರಲ್ಲ. ಸಂಜೆ ಕಾಫಿಯಾದ ಕೂಡಲೇ ಚಪ್ಪಲಿ ಮೆಟ್ಟಿ ನಿಲ್ಲುತ್ತಿದ್ದರು. ಬಲಕ್ಕೆ, ಎಡಕ್ಕೆ ಎಂದಷ್ಟೇ ಹೇಳುವುದು ಅವರಿಗೆ ಬೇಸರ. "ಬಲಗಡೆ ನೋಡು, ಆ ಮನೆಯವರು ಬಾಗಿಲಿಗೆ ಯಾವ ಬಣ್ಣ ಹೊಡೆಸಿದಾರೆ? ಎಡಗಡೆ, ಎಡಗಡೆ! ಆ ಬಾಲ್ಕನೀಲಿ ಒಣಗಿರೋದು ರೇಷ್ಮೆಯೋ ಪಾಲಿಯೆಸ್ಟರೋ? ಮೇಲೆ ನೋಡು, ಕಾಗೆ ಎಷ್ಟಿವೆ?" ಹೀಗೆ ನಮ್ಮ ಬೀದಿಯ ಸಮಾಚಾರವೆಲ್ಲ ನನ್ನ ಚಿಕಿತ್ಸೆಯಾಯಿತು. ಮೊದಮೊದಲು ಎಡಕ್ಕೆ ನೋಡಿದಾಗಲೆಲ್ಲ ತೂರಾಡಿ ಅವರ ತೋಳು ಹಿಡಿಯುತ್ತಿದ್ದೆ. ಪಕ್ಕದ ಬೀದಿಯ ಇಸ್ತ್ರಿಯವನು ಯಾರು ಯಾರನ್ನು ನಡೆಸುತ್ತಿದ್ದಾರೆಂದು ತಿಳಿಯದೆ ನೋಡುತ್ತ ನಿಲ್ಲುತ್ತಿದ್ದ. ನಮಗೂ ಅದು ಪೂರ್ತಿ ತಿಳಿದಿರಲಿಲ್ಲ.

ಒಂದು ಸಂಜೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಹೋಗುತ್ತಿದ್ದೆವು. ಅತ್ತೆ ಹೂವಿನವಳ ಬುಟ್ಟಿಯ ಹತ್ತಿರ ನಿಂತದ್ದು ನನಗೆ ಗೊತ್ತಾಗ­ಲಿಲ್ಲ. ಬೆಳಗ್ಗೆಯ ಹೂವನ್ನು ನೀರು ಚಿಮುಕಿಸಿ ಹೊಸದೆಂದು ಮಾರುತ್ತಿದ್ದಾಳೆಂದು ಅವಳ ಜೊತೆ ಜಗಳಕ್ಕೆ ನಿಂತಿದ್ದರು. ನಾನು ಮುಂದೆ ಹೋಗಿಬಿಟ್ಟಿದ್ದೆ.

"ಏನೇ!" ಎಂದು ಎಡಗಡೆಯ ಹಿಂದಿನಿಂದ ಕೂಗಿದರು. "ಬಾ ಇಲ್ಲಿ, ಇದು ಬಾಡಿದೆ ಅಂತ ನೀನಾದ್ರೂ ಹೇಳು ಇವಳಿಗೆ."

ತಿರುಗಿ ನೋಡಿದೆ. ಅತ್ತೆ ಒಂದು ಮೊಳ ಮಲ್ಲಿಗೆಯನ್ನು ಎತ್ತಿ ಹಿಡಿದು ನಿಂತಿದ್ದರು; ಅವರ ಹಿಂದೆ ಸೈಕಲ್ಲು, ಎಳನೀರಿನ ರಾಶಿ, ಟ್ರಾನ್ಸ್‌ಫಾರ್ಮರಿನ ಬೇಲಿ. ಎಲ್ಲವೂ ಅದರದರ ಜಾಗದಲ್ಲಿದ್ದವು. ಯಾವುದೂ ಸರಿಯಲಿಲ್ಲ. ದೇಹವನ್ನಲ್ಲ, ಕತ್ತನ್ನು ಮಾತ್ರ ತಿರುಗಿಸಿದ್ದೇನೆಂದು ಆಮೇಲೆ ಹೊಳೆಯಿತು. ಅತ್ತೆಗೂ ಹೊಳೆಯಿತೆಂದು ಕಾಣುತ್ತದೆ. ಹೂವು ಹಿಡಿದ ಕೈ ಮೆಲ್ಲಗೆ ಕೆಳಗಿಳಿಯಿತು. ಜಗಳ ಅರ್ಧಕ್ಕೇ ನಿಂತು, ಹೂವಿನವಳು ಅವರನ್ನೂ ನನ್ನನ್ನೂ ನೋಡುತ್ತ ಕೂತಳು.

"ಎಡಕ್ಕೆ ತಿರುಗಿದ್ಯಲ್ಲೇ," ಎಂದರು ಅತ್ತೆ. ಹೂವನ್ನು ಬುಟ್ಟಿಗೆ ಹಾಕಿ, "ಎಲ್ಲಿ, ಇನ್ನೊಂದು ಸಲ ತಿರುಗು," ಎಂದರು.